ನೇರಳೆ ಕೈ

ಬಕೆಟ್ಟಿನ ನೀರಿಗೆ ದೊಡ್ಡಕ್ಕ ಕೈ ಅದ್ದಿದ್ದೇ ತಡ, ಬೆರಳ ಸಂದಿಯಿಂದ ನೇರಳೆ ಬಣ್ಣ ಹೊಗೆಯಂತೆ ಎದ್ದಿತು. ಕೈ ಅದ್ದಲು ಸಾಲಿನಲ್ಲಿ ನಿಂತಿದ್ದ ಲಾಂಡ್ರಿಯ ಹೆಂಗಸರು ಕತ್ತು ಚಾಚಿ ನೋಡಿದರು. ಸೋಪು ಕದಿಯುವವರನ್ನು ಹಿಡಿಯಲು ಮ್ಯಾನೇಜರು ರಾತ್ರಿ ಸೋಪಿನ ಬೀರುವಿನ ಹಿಡಿಗೆ, ಗಾಯಕ್ಕೆ ಹಚ್ಚುವ ನೇರಳೆ ಔಷಧಿಯ ಪುಡಿ ಸವರಿದ್ದರು. ಒಣಗಿದ್ದರೆ ಅದು ಕಣ್ಣಿಗೆ ಬೀಳದು. ನೀರು ತಗುಲಿತೋ, ಚರ್ಮ ಬಿಡದು.

"ಸಿಕ್ಕಿಬಿದ್ದಳಲ್ಲ ಮಹಾತಾಯಿ! ನಾಳೆಯಿಂದ ಈ ಕಡೆ ತಲೆ ಹಾಕಬೇಡ."

"ಈಗ ತಾನೇ ಬೀರು ಒರೆಸು ಅಂತ ಕಳಿಸಿದ್ದು ನೀವೇ ಅಲ್ವಾ ಸಾರ್?"

ಮ್ಯಾನೇಜರ ಮುಖ ಪೆಚ್ಚಾಯಿತು. ದಿನಾ ಬೆಳಿಗ್ಗೆ ಹೇಳುವ ಮಾತು, ಅಭ್ಯಾಸಬಲದಿಂದ ಇವತ್ತೂ ಹೇಳಿಬಿಟ್ಟಿದ್ದರು. ಆದರೆ ಇಷ್ಟು ಜನರ ಮುಂದೆ ಒಪ್ಪಿಕೊಳ್ಳುವುದುಂಟೇ? "ಬಣ್ಣ ಸುಳ್ಳು ಹೇಳಲ್ಲಮ್ಮ," ಎಂದರು.

ದೊಡ್ಡಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಊರವರ ಕೊಳೆ ತೊಳೆದು ಮಕ್ಕಳನ್ನು ಸಾಕಿದ ಕೈ ಇದು. ಒಂದು ಚೂರು ಸೋಪನ್ನೂ ಮನೆಗೆ ಒಯ್ದದ್ದಿಲ್ಲ. ಸರ್ರನೆ ಮುಂದೆ ಬಂದವಳೇ, ನೀರು ತೊಟ್ಟಿಕ್ಕುವ ಎರಡೂ ಕೈಯಿಂದ ಮ್ಯಾನೇಜರ ಬಲಗೈ ಹಿಡಿದು, ಒದ್ದೆ ಬೆಡ್‌ಶೀಟು ಹಿಂಡುವ ಹಾಗೆ ಹಿಂಡಿದಳು. ಬಿಟ್ಟಾಗ ಅವರ ಕೈಯೂ ಮಣಿಕಟ್ಟಿನವರೆಗೆ ನೇರಳೆ.

"ಈಗ ಹೇಳಿ ಸಾರ್, ಕದ್ದ ಸೋಪನ್ನ ನಾವಿಬ್ಬರೂ ಸೇರಿ ಯಾರಿಗೆ ಮಾರಿದ್ವಿ?"