ಗೆದ್ದವರ ರಾಗ

ಹಳೇ ಶೈಲಿಯ ಸಾಹಸದ ಕಂಪ್ಯೂಟರ್ ಗೇಮೊಂದಕ್ಕೆ ಮುಕುಂದ, ತಾರಿಣಿ ಇಬ್ಬರೂ ಬೀಪ್ ಸಂಗೀತ ಕಟ್ಟುತ್ತಿದ್ದರು. ಒಮ್ಮೆಗೆ ಒಂದೇ ಸ್ವರ ಕೂಗುವ ಆ ಬಡಪಾಯಿ ಸ್ಪೀಕರಿನಲ್ಲೂ ಹೊಸಬಳಾದ ತಾರಿಣಿಯ ರಾಗ ಕುಣಿಯಿತು. ಹತ್ತು ವರ್ಷ ಅದರಲ್ಲೇ ಪಳಗಿದ್ದ ಮುಕುಂದನಿಗೆ ಹೊಟ್ಟೆ ಉರಿದುಹೋಯಿತು.

“ನಿಧಿ ಸಿಕ್ಕಾಗ ತಾರಿಣಿಯದೇ ಬರ್ಲಿ. ಆಟಗಾರ ಸತ್ತಾಗ ನಿಮ್ಮದು ಹಾಕಿ,” ಎಂದರು ಕಂಪನಿಯ ಯಜಮಾನರು ಮುಕುಂದನಿಗೆ.

ರಾಗಗಳನ್ನು ಗೇಮಿಗೆ ಜೋಡಿಸುವ ಕೆಲಸ ಮುಕುಂದನದೇ. ಅವನು ಸದ್ದಿಲ್ಲದೆ ಎರಡನ್ನೂ ಅದಲುಬದಲು ಮಾಡಿದ.

ಗೇಮ್ ಬಿಡುಗಡೆಯಾದ ತಿಂಗಳಿಗೆ ತಾರಿಣಿ ಅವನ ಮೇಜಿನ ಬಳಿ ಬಂದಳು.

“ನನ್ನ ರಾಗ ಸಾವಿಗೆ ಹಾಕಿದ್ದು ನೀವೇನಾ?”

“ಏನೋ, ಕೈತಪ್ಪಿ ಆಯ್ತು.”

“ಥ್ಯಾಂಕ್ಸ್ ಸಾರ್! ಆಡಿದವರೆಲ್ಲ ಅದನ್ನೇ ಗುನುಗ್ತಿದಾರೆ.”

“ಮತ್ತೆ ನನ್ನದು?” ತಡೆಯಲಾರದೆ ಕೇಳಿದ ಮುಕುಂದ.

“ನಿಧಿವರೆಗೆ ಇನ್ನೂ ಯಾರೂ ಬದುಕಿ ಹೋಗಿಲ್ವಂತೆ ಸಾರ್.”