ಎರಡನೆಯದರಲ್ಲಿ ಜೀವವಿಲ್ಲ

ತಂತಿಯ ವಿಷಯಕ್ಕೆ ಅಧ್ಯಕ್ಷರೂ ದಂತವೈದ್ಯರೂ ಕೈ ಕೈ ಮಿಲಾಯಿಸುವುದೊಂದು ಬಾಕಿ ಇತ್ತು. ದಂತವೈದ್ಯರು ತಮ್ಮ ಹೊಸ ಸ್ಪೀಕರುಗಳ ಜೊತೆಗೆ ಹೆಬ್ಬೆರಳು ದಪ್ಪದ, ತುದಿಗೆ ಚಿನ್ನದ ನೀರು ಕುಡಿಸಿದ ತಂತಿ ತಂದು ಸಿಕ್ಕಿಸಿದ್ದರು. ಅಂಥ ತಂತಿ ಹಾಕಿದರೆ ಕತ್ತೆಯೂ ಕೋಗಿಲೆಯಾದೀತು, ಇದು ಶುದ್ಧ ಮೋಸ ಎಂದು ಅಧ್ಯಕ್ಷರು ಪಟ್ಟು ಹಿಡಿದು, ತಮ್ಮ ಪೆಟ್ಟಿಗೆಯಿಂದ ಸಾದಾ ತಂತಿಯೊಂದನ್ನು ಹುಡುಕಿಕೊಟ್ಟರು. ದರ್ಜಿ ಅದನ್ನು ಅಳತೆಪಟ್ಟಿ ಹಿಡಿದು ಎರಡೆರಡು ಸಲ ಅಳೆದರು. ಅಧ್ಯಕ್ಷರ ಹಳೆಯ ಸ್ಪೀಕರುಗಳಿಗೆ ಹಾಕಿದ ತಂತಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದರು.

"ಸರಿ ಮಾರಾಯ್ರೇ, ನಿಮ್ಮ ತಂತೀನೇ ಆಗ್ಲಿ," ಎಂದು ದಂತವೈದ್ಯರು ಮುಖ ಗಂಟಿಕ್ಕಿ, ತಮ್ಮದನ್ನು ಕಿತ್ತು ಸುತ್ತಿ ಜೇಬಿಗಿಳಿಸಿದರು. ಗೆದ್ದ ಖುಷಿಯಲ್ಲಿ ಅಧ್ಯಕ್ಷರು ಕುರ್ಚಿಗೆ ಒರಗಿದರು. ಉಳಿದಿಬ್ಬರೂ ಕುಳಿತರು.

ಇದು ಆಲಿಸುವವರ ಸಂಘ. ಸದಸ್ಯರು ಮೂವರು, ಕಿವಿ ಆರು. ಅಧ್ಯಕ್ಷರು ಅಂಗಡಿ ಅಂಗಡಿ ಸುತ್ತಿ ತಕ್ಕಡಿಗಳ ತಪಾಸಣೆ ಮಾಡಿ ನಿವೃತ್ತರಾದವರು. ತಮ್ಮ ಕಿವಿಗಳನ್ನು ಮಾತ್ರ ಯಾವತ್ತೂ ತಪಾಸಣೆಗೆ ಒಡ್ಡಿದವರಲ್ಲ. ಅವರಿಗೆ ಅಧ್ಯಕ್ಷಗಿರಿ ಬಂದದ್ದು ಕಿವಿಯಿಂದಲೂ ಅಲ್ಲ ಬಿಡಿ, ಮುಂದಿನ ಕೋಣೆಯಲ್ಲಿ ನಿಂತಿದ್ದ ಆ ಎರಡು ಸ್ಪೀಕರುಗಳಿಂದ. ಗಟ್ಟಿ ಮರದವು, ಬಟ್ಟೆಯ ಬೀರುವಿನಷ್ಟು ಎತ್ತರ, ಮೂವತ್ತನಾಲ್ಕು ವರ್ಷ ಹಳೆಯವು. ಅವು ಹೋದರೆ ಅಧ್ಯಕ್ಷಗಿರಿಯೂ ಹೋದಂತೆಯೇ.

ಆ ಕೋಣೆಯ ಮೇಲೆ ಅವರ ಹೆಂಡತಿಗೂ ಕಣ್ಣಿತ್ತು. ಪುಟ್ಟ ಮಕ್ಕಳ ಶಾಲೆಯಲ್ಲಿ ಮಗ್ಗಿ, ಕತೆ, ಪದ್ಯ ಹೇಳಿಕೊಡುತ್ತಿದ್ದ ಆಕೆ ಈಗ ನಿವೃತ್ತೆ. ಬೀದಿಯ ಆರು ಮಕ್ಕಳು ಮನೆಗೇ ಪಾಠಕ್ಕೆ ಬರಲು ತಯಾರಿದ್ದರು. ಆದರೆ ಕೂರಿಸುವುದೆಲ್ಲಿ? ಬೀರುಗಳ ಮಧ್ಯೆ ಒಂದು ಮಗುವನ್ನು ನಿಲ್ಲಿಸಿದರೆ ಇನ್ನೊಂದು ಬೀದಿಯಲ್ಲಿರಬೇಕು. ದಂತವೈದ್ಯರ ಹೊಸ ಸ್ಪೀಕರುಗಳೋ, ಇಟ್ಟಿಗೆಯ ಗಾತ್ರ. ಗೋಡೆಯ ಹಲಗೆಯ ಮೇಲೆ ಕುಳಿತುಬಿಡುತ್ತವೆ. ಎರಡನ್ನೂ ಕೇಳಿ ತೂಗುವ ಇವತ್ತಿನ ಪರೀಕ್ಷೆಯಲ್ಲಿ ಹೊಸದು ಗೆದ್ದರೆ ಹಳೆಯವು ಗುಜರಿಗೆ, ಕೋಣೆ ಹೆಂಡತಿಗೆ. ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಗೆಲುವು ತಮ್ಮದೇ ಎಂದು ಗೊತ್ತಿರುವವರ ಮನಸ್ಸು ದೊಡ್ಡದಾಗಿಯೇ ಇರುತ್ತದೆ.

ಯಾವುದು ಹಾಡುತ್ತಿದೆ ಎಂದು ಕಾಣದಂತೆ ಪರದೆಯಾಗಿ ಕಟ್ಟಿದ ಹೊದಿಕೆಯ ಹಿಂದೆ ನಿಂತು ರೆಕಾರ್ಡು ಹಾಕುವ, ಗುಂಡಿ ತಿರುಗಿಸುವ ಕೆಲಸ ಆಕೆಯದೇ. ಅವಳಿಗೆ ಸಂಗೀತವೆಂದರೆ ಕೋಣನ ಮುಂದೆ ಕಿನ್ನರಿ, ಪಕ್ಷಪಾತ ಮಾಡುವುದಕ್ಕೂ ಕಿವಿ ಬೇಕಲ್ಲ ಎಂದು ಅಧ್ಯಕ್ಷರೇ ಭರವಸೆ ಕೊಟ್ಟಿದ್ದರು. ಮೂವತ್ತನಾಲ್ಕು ವರ್ಷಗಳಿಂದ ಪ್ರತಿ ಭಾನುವಾರ ಸಂಘ ಕೂತಾಗ ಆಕೆಯ ಪಾಲಿನದು ಅಡುಗೆಮನೆ. ಪಾತ್ರೆ ಸದ್ದಾಗಬಾರದು, ನಲ್ಲಿ ಬಿಡಬಾರದು, ಗುನುಗುವುದಂತೂ ಮಹಾಪರಾಧ.

ಒರೆಗಲ್ಲು ಭಾನುವಾರ ಭಾನುವಾರ ಹಾಕುತ್ತಿದ್ದ ಅದೇ ಹಳೆಯ ರೆಕಾರ್ಡು. ತಬಲೆಯಿಲ್ಲ, ಪಿಟೀಲಿಲ್ಲ, ಒಬ್ಬ ಹೆಂಗಸಿನ ಬರಿಯ ಗಂಟಲು. ಮನುಷ್ಯನ ಗಂಟಲಿನಷ್ಟು ಕಠಿಣ ಪರೀಕ್ಷೆ ಇನ್ನೊಂದಿಲ್ಲ ಎಂಬುದು ಸಂಘದ ನಂಬಿಕೆ.

ಪರದೆಯ ಹಿಂದೆ ಮುಳ್ಳು ಕರಕರ ಎಂದಿತು. ಹಾಡು ಎದ್ದಿತು. ಮೂವರೂ ಕಣ್ಣು ಮುಚ್ಚಿದರು. ಮುಗಿದಾಗ ಅಧ್ಯಕ್ಷರ ಕಣ್ಣಂಚು ಒದ್ದೆಯಾಗಿತ್ತು.

"ಈಗ ಎರಡನೇದು," ಎಂದರು.

ಸದ್ದಿಲ್ಲ. ಪರದೆ ಅಲುಗಿತು. "ರೀ, ಇಲ್ಲಿ ನೋಡಿ..."

"ಮಾತಾಡ್ಬೇಡ! ನೀನು ಬಾಯಿ ಬಿಟ್ರೆ ಯಾವುದು ಯಾವುದು ಅಂತ ಗೊತ್ತಾಗಿಹೋಗುತ್ತೆ. ಎರಡನೇದು ಕೇಳಿಸು, ಅಷ್ಟೆ."

ಮತ್ತೆ ಅದೇ ಹಾಡು. ಈ ಸಲ ಅಧ್ಯಕ್ಷರು ಕಣ್ಣು ಮುಚ್ಚಲೂ ಇಲ್ಲ. ಮೊದಲ ಸಾಲಿಗೇ ಮೂಗು ಮುರಿದರು.

ತೀರ್ಪು ಅವಿರೋಧ. ಎರಡನೆಯದು ರೆಡಿಮೇಡ್ ಅಂಗಿ, ಮೈಗೆ ಕೂರುತ್ತದೆ, ಮನಸ್ಸಿಗೆ ಕೂರುವುದಿಲ್ಲ ಎಂದರು ದರ್ಜಿ. ದಂತವೈದ್ಯರು ತಮ್ಮ ಸೋಲನ್ನು ಗಂಡಸಿನಂತೆ ಒಪ್ಪಿದರು. ಕಟ್ಟಿಸಿಕೊಂಡ ಹಲ್ಲು, ಹೊಳಪಿದೆ, ಒಳಗೆ ನರವಿಲ್ಲ. ಎರಡನೆಯ ಚರಣದ ನಡುವೆ ಉಸಿರೆಳೆದಂತೆ ಏನೋ ಕೇಳಿಸಿತಲ್ಲ, ಅದು ಪೆಟ್ಟಿಗೆಯ ಸಂದಿಯಲ್ಲಿ ಗಾಳಿ ಸೋರುವ ದೋಷ ಎಂದೂ ವಿವರಿಸಿದರು.

"ರೆಕಾರ್ಡಿನ ಕರಕರ ಸದ್ದನ್ನೂ ನುಂಗಿಹಾಕಿದೆ ನೋಡಿ," ಎಂದರು ಅಧ್ಯಕ್ಷರು. "ಎಷ್ಟಾದ್ರೂ ಯಂತ್ರ. ಅದಕ್ಕೆಲ್ಲಿಂದ ಬರ್ಬೇಕು ಗಂಟಲು?"

ಹೆಂಡತಿ ಪರದೆ ಬಿಚ್ಚಿ ಹೊರಗೆ ಬಂದಳು. ಮುಖ ಕೆಂಪಾಗಿತ್ತು. ಪಾಪ, ಕೋಣೆ ಕೈತಪ್ಪಿತಲ್ಲ ಎಂದು ಅಧ್ಯಕ್ಷರಿಗೆ ನಿಜಕ್ಕೂ ಕನಿಕರವಾಯಿತು.

"ಎರಡನೇದು ಅಷ್ಟೊಂದು ಕೆಟ್ಟದಾಗಿತ್ತಾ?" ಎಂದು ಕೇಳಿದಳು.

"ಜೀವವೇ ಇಲ್ಲ ಕಣೇ. ಮೊದಲನೇದು ಹಳೇದು, ಎರಡನೇದು ಹೊಸದು. ಹೌದು ತಾನೇ?"

"ಮೊದಲನೇದು ಹಳೇದೇ," ಎಂದು ಆಕೆ ಹೊದಿಕೆ ಮಡಚತೊಡಗಿದಳು.

ದಂತವೈದ್ಯರು ತಮ್ಮ ಇಟ್ಟಿಗೆಗಳನ್ನು ಮನೆಗೆ ಒಯ್ಯಲು ಎದ್ದರು. ತಂತಿ ಬಿಚ್ಚೋಣವೆಂದು ಹಿಂಬದಿಗೆ ಕೈ ಹಾಕಿದರು. ತಡಕಾಡಿದರು, ತಂತಿ ಸಿಗಲಿಲ್ಲ. ತಮ್ಮ ಜೇಬು ಮುಟ್ಟಿ ನೋಡಿಕೊಂಡರು. ಆಮೇಲೆ ದರ್ಜಿಯ ಕಡೆ ತಿರುಗಿದರು. ಅಧ್ಯಕ್ಷರೂ ತಿರುಗಿದರು. ದರ್ಜಿಯ ಕೊರಳಲ್ಲಿ, ಅಳತೆಪಟ್ಟಿಯ ಪಕ್ಕದಲ್ಲಿ, ಆ ಸಾದಾ ತಂತಿ ಇನ್ನೂ ನೇತಾಡುತ್ತಿತ್ತು.

"ತಂತಿ ಇಲ್ಲ ಅಂತ ಹೇಳೋಕೆ ಬಂದೆ, ನೀವು ಬಿಡ್ಲಿಲ್ಲ, ಎರಡನೇದು ನಾನೇ ಹಾಡಿದ್ದು," ಎಂದಳು ಹೆಂಡತಿ. "ಮಕ್ಕಳು ಸೋಮವಾರ ಬರ್ತಾರೆ."