ಎರಡನೆಯ ಅರ್ಥ

"ಆರ್ದೆಯೊ!" ಎಂದು ಗಡಿಯಾರ ರಿಪೇರಿಯವನು ಕೂಗಿದಾಗ ಲ್ಯಾಟಿನ್ ಟೀಚರ್ ಬೋರ್ಡ್ ಒರೆಸುತ್ತಿದ್ದಳು. ಸಂಜೆ ತರಗತಿಯ ಉಳಿದವರೆಲ್ಲ ಆಗಲೇ ಹೊರಟುಹೋಗಿದ್ದರು. ಆ ಕ್ರಿಯಾಪದವನ್ನು ಅವಳು ಕಲಿಸಿದ್ದು ಈಗಷ್ಟೇ. ಆರ್ದೆಯೊ ಎಂದರೆ 'ಉರಿಯುತ್ತಿದ್ದೇನೆ'. ಯಾರ ಮೇಲಾದರೂ ಮನಸ್ಸಾದವರು ಹೇಳುವುದೂ ಅದನ್ನೇ. ಈ ಕೋಣೆಯಲ್ಲಿ ಲ್ಯಾಟಿನ್ ಬಿಟ್ಟು ಬೇರೆ ಮಾತಾಡಕೂಡದು ಎಂಬ ನಿಯಮವೂ ಅವಳದೇ.

ಅವಳು ಒರೆಸುವುದನ್ನು ನಿಲ್ಲಿಸಿದಳು. ಇಡೀ ವರ್ಷ ಈ ಮನುಷ್ಯ ತಾನಾಗಿ ಬಾಯಿಬಿಟ್ಟವನಲ್ಲ. ಮುಂದಿನ ಬೆಂಚಿನಲ್ಲಿ ಕೂತು, ಅವಳು ನಕ್ಕರೆ ತಾನೂ ನಗುತ್ತಿದ್ದ, ಅಷ್ಟೇ. ತಿರುಗಿ ನೋಡಲು ಧೈರ್ಯ ಸಾಲದೆ, ನಿಯಮವನ್ನೂ ಮರೆತು, "ನಂದೂ ಅದೇ ಕಥೆ ಕಣ್ರೀ," ಎಂದು ಬೋರ್ಡಿಗೆ ಹೇಳಿಬಿಟ್ಟಳು.

ಆಮೇಲೆ ಮೂಗಿಗೆ ಸುಟ್ಟ ಉಣ್ಣೆಯ ವಾಸನೆ ಬಡಿಯಿತು. ತಿರುಗಿದರೆ, ಹೀಟರಿಗೆ ತಾಗಿದ ಅವನ ಸ್ವೆಟರಿನ ತೋಳು ಹೊಗೆಯಾಡುತ್ತಿತ್ತು! ಅವಳು ಮೇಜಿನ ಮೇಲಿದ್ದ ಜಗ್ಗಿನ ನೀರಷ್ಟನ್ನೂ ಅವನ ಮೇಲೆ ಸುರಿದಳು.

"ಕೈ ಸುಟ್ಟಿತಾ?"

"ಇಲ್ಲ ಮೇಡಂ, ಸ್ವೆಟರ್ ಮಾತ್ರ." ತೊಯ್ದು ತೊಪ್ಪೆಯಾದವನು ಗಾಬರಿಯಿಂದ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಿಮ್ಮದೂ ಅದೇ ಕಥೆ ಅಂದ್ರಲ್ಲ, ನಿಮಗೆಲ್ಲಿ ಬೆಂಕಿ ತಗುಲಿದ್ದು?"

ಅವಳ ಕಿವಿಗಳು ಕೆಂಪೇರಿದವು. "ನನಗೆಲ್ಲೂ ತಗುಲಿಲ್ಲ."

ಅದು ತಲೆಗೆ ಹೋಗಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಹೋದದ್ದೇ ತಡ, ನೀರು ತೊಟ್ಟಿಕ್ಕುವ ಆ ಮುಖದ ತುಂಬ ನಗು ಹರಡಿಕೊಂಡಿತು.